ಉಂಡ ರೊಟ್ಟಿ ಎಲ್ಲಿಗೆ ಹೋಗುತ್ತದೆ?

ಅಕ್ಕಂದಿರೇ,

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಆ ದಿನದ ಪದ 'ರೊಟ್ಟಿ'. ಒತ್ತಕ್ಷರ ಬರೆಯುವುದನ್ನು ಕಲಿಯುತ್ತಿದ್ದೆವು. ಬರೆದು ಮುಗಿಸಿದ ಒಬ್ಬ ಅಕ್ಕ ಸ್ಲೇಟು ಕೆಳಗಿಟ್ಟು ಕೇಳಿದರು:

"ಅಕ್ಕೋರೆ, ದಿನಾ ಮೂರು ರೊಟ್ಟಿ ತಿಂತೀನಿ. ಹೊಟ್ಟಿ ತುಂಬ್ತೈತಿ. ಆದ್ರೂ ಶೇಂಗಾ ಹೊಲದಾಗ ಕಳೆ ತೆಗೆದು ಮ್ಯಾಲೆ ಎದ್ರೆ ಕಣ್ಣಿಗೆ ಕತ್ಲಿ ಬರ್ತೈತಿ. ಉಂಡದ್ದು ಎಲ್ಲಿಗೆ ಹೋಗ್ತೈತಿ?"

ಸುತ್ತ ಕುಳಿತವರು ಮೊದಲು ನಕ್ಕರು. ಆಮೇಲೆ ಒಬ್ಬರು "ನನಗೂ ಹಂಗ ಆಗ್ತೈತಿ" ಅಂದರು. ಇನ್ನೊಬ್ಬರು "ನೀರಿನ ಕೊಡ ಎತ್ತಿದ್ರೆ ಎದಿ ಡವಡವ ಅಂತೈತಿ" ಅಂದರು. ನಗು ನಿಂತಿತು.

ಕೂಡ್ಲಿಗಿ ಇರಲಿ, ಕೊಟ್ಟೂರು ಇರಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇರಲಿ, ಹೆಂಗಸರು ಸೇರಿದ ಕಡೆ ಈ ಮಾತು ಬರುತ್ತದೆ. ಹೊಟ್ಟೆ ತುಂಬಿದರೂ ಮೈಗೆ ಶಕ್ತಿ ಯಾಕಿಲ್ಲ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಉಂಡ ರೊಟ್ಟಿಯ ಹಿಂದೆಯೇ ನಾವು ಹೋಗಬೇಕು. ಬಾಯಿಯಿಂದ ಹೊರಡೋಣ, ಬನ್ನಿ.

ಬಾಯಲ್ಲೇ ಶುರು

ಇವತ್ತು ರಾತ್ರಿ ಒಂದು ಪರೀಕ್ಷೆ ಮಾಡಿ ನೋಡಿ. ಪಲ್ಯ, ಚಟ್ನಿ ಏನೂ ಇಲ್ಲದೆ ಬರೀ ಜೋಳದ ರೊಟ್ಟಿಯ ಒಂದು ತುತ್ತು ಬಾಯಿಗೆ ಇಡಿ. ನುಂಗಬೇಡಿ. ನಿಧಾನ ಅಗಿಯಿರಿ. ಮನಸ್ಸಿನಲ್ಲಿ 1ರಿಂದ 50ರವರೆಗೆ ಎಣಿಸಿ. ಏನಾಗುತ್ತದೆ? ರೊಟ್ಟಿ ಸ್ವಲ್ಪ ಸಿಹಿ ಅನಿಸುತ್ತದೆ.

ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿಲ್ಲ. ಸಿಹಿ ಎಲ್ಲಿಂದ ಬಂತು?

ಹಡಗಲಿ ಸೀಮೆಯ ಮಲ್ಲಿಗೆ ನಮಗೆಲ್ಲ ಗೊತ್ತು. ನೂರಾರು ಮೊಗ್ಗು ಸೇರಿಸಿ ಕಟ್ಟಿದರೆ ಒಂದು ಮಾಲೆ. ಜೋಳ, ರಾಗಿ, ನವಣೆ, ಅಕ್ಕಿ ಇವುಗಳಲ್ಲಿ ಇರುವ ಪಿಷ್ಟವೂ ಒಂದು ಮಾಲೆ ಇದ್ದಂತೆ. ಅದರ ಒಂದೊಂದು ಮೊಗ್ಗಿನ ಹೆಸರು ಗ್ಲೂಕೋಸ್. ಗ್ಲೂಕೋಸ್ ಅಂದರೆ ಒಂದು ಬಗೆಯ ಸಕ್ಕರೆ. ಮಾಲೆಯಾಗಿ ಇದ್ದಾಗ ಅದರ ಸಿಹಿ ನಾಲಿಗೆಗೆ ತಿಳಿಯುವುದಿಲ್ಲ. ಬಿಡಿಯಾದಾಗ ತಿಳಿಯುತ್ತದೆ.

ನಮ್ಮ ಜೊಲ್ಲಿನಲ್ಲಿ ಮಾಲೆ ಬಿಚ್ಚುವ ಒಂದು ವಸ್ತು ಇದೆ. ಅದಕ್ಕೆ ಕಿಣ್ವ ಅಂತಾರೆ. ಜೊಲ್ಲಿನ ಕಿಣ್ವದ ಹೆಸರು ಅಮೈಲೇಸ್. ಅದು ಪಿಷ್ಟದ ಮಾಲೆಯನ್ನು ತುಂಡು ತುಂಡು ಮಾಡುತ್ತದೆ. ಅದಕ್ಕೇ ರೊಟ್ಟಿ ಸಿಹಿಯಾಯಿತು.

ಹೀಗೆ ಊಟದ ಮಾಲೆಗಳನ್ನೆಲ್ಲ ಬಿಚ್ಚಿ ಬಿಡಿ ಮೊಗ್ಗು ಮಾಡುವುದಕ್ಕೇ ಜೀರ್ಣ ಎನ್ನುವುದು. "ಚೆನ್ನಾಗಿ ಅಗಿದು ತಿನ್ನು" ಎಂದು ಅಜ್ಜಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಜಠರದಲ್ಲಿ

ನುಂಗಿದ ತುತ್ತು ಅನ್ನನಾಳದಲ್ಲಿ ಇಳಿದು ಜಠರಕ್ಕೆ ಬರುತ್ತದೆ. ನಾವು 'ಹೊಟ್ಟೆ ತುಂಬಿತು' ಅನ್ನುವುದು ಈ ಚೀಲ ತುಂಬಿದಾಗ. ಇಲ್ಲಿ ಗಟ್ಟಿಯಾದ ಆಮ್ಲ ಇದೆ. ತೇಗು ಬಂದಾಗ ಗಂಟಲು ಹುಳಿ ಆಗುತ್ತದಲ್ಲ, ಅದೇ ಆಮ್ಲ. ಊಟದ ಜೊತೆ ಬಂದ ರೋಗಾಣುಗಳಲ್ಲಿ ಬಹಳಷ್ಟನ್ನು ಇದು ಕೊಲ್ಲುತ್ತದೆ. ಬೇಳೆ, ಕಾಳು, ಮೊಟ್ಟೆಯಲ್ಲಿರುವ ಪ್ರೋಟೀನಿನ ಮಾಲೆಯನ್ನು ಬಿಚ್ಚುವ ಕೆಲಸವೂ ಇಲ್ಲೇ ಶುರು.

ಜಠರ ಊಟವನ್ನು ಹಿಟ್ಟು ನಾದಿದಂತೆ ನಾದುತ್ತದೆ. ಅಂಬಲಿ ಬೇಗ ಮುಂದೆ ಹೋಗುತ್ತದೆ. ಎಣ್ಣೆಯಲ್ಲಿ ಕರಿದದ್ದು ನಿಧಾನ. ಸಂತೆಯಲ್ಲಿ ಮಿರ್ಚಿ-ಮಂಡಕ್ಕಿ ತಿಂದ ದಿನ ಬಹಳ ಹೊತ್ತು ಹಸಿವೆ ಆಗುವುದಿಲ್ಲ. ಕಾರಣ ಇದೇ.

ಇಲ್ಲಿ ಒಂದು ಮಾತು ನೆನಪಿಡಿ. ಜಠರ ತುಂಬಿದರೆ ಮೈ ತುಂಬಿತು ಅಂತಲ್ಲ. ಊಟ ಇನ್ನೂ ಚೀಲದಲ್ಲೇ ಇದೆ. ಮೈಗೆ ಸೇರಿಲ್ಲ.

ಮಡಿಸಿಟ್ಟ ಸೀರೆ

ಮುಂದೆ ಸಣ್ಣಕರುಳು. ಹೆಸರಿಗೆ ಸಣ್ಣದು. ಉದ್ದ ಮಾತ್ರ ಸುಮಾರು 6 ಮೀಟರ್. ನಾವು ಉಡುವ ಸೀರೆಯಷ್ಟು ಉದ್ದ! ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಂತೆ ಅದು ಹೊಟ್ಟೆಯೊಳಗೆ ಮಡಿಸಿಕೊಂಡು ಕೂತಿದೆ.

ಇಲ್ಲಿ ಎರಡು ರಸಗಳು ಬಂದು ಸೇರುತ್ತವೆ. ಒಂದು ಪಿತ್ತರಸ. ಇದನ್ನು ಪಿತ್ತಜನಕಾಂಗ ಮಾಡುತ್ತದೆ. ದವಾಖಾನೆಯಲ್ಲಿ ಪಿತ್ತಜನಕಾಂಗಕ್ಕೆ 'ಲಿವರ್' ಅಂತಾರೆ. ಸೋಪು ಪಾತ್ರೆಯ ಜಿಡ್ಡನ್ನು ಒಡೆಯುವ ಹಾಗೆ ಪಿತ್ತರಸ ಊಟದ ಎಣ್ಣೆ-ತುಪ್ಪವನ್ನು ಸಣ್ಣ ಸಣ್ಣ ಹನಿ ಮಾಡುತ್ತದೆ. ಇನ್ನೊಂದು, ಮೇದೋಜೀರಕ ಗ್ರಂಥಿಯಿಂದ ಬರುವ ರಸ. ಇದರಲ್ಲಿ ಹಲವು ಕಿಣ್ವಗಳಿವೆ. ಉಳಿದ ಮಾಲೆಗಳೆಲ್ಲ ಇಲ್ಲಿ ಬಿಚ್ಚಿಕೊಳ್ಳುತ್ತವೆ.

ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ ಇದೆ. ತುಂಬ ಸಣ್ಣ ಎಳೆಗಳು ಎದ್ದು ನಿಂತಿವೆ. ಈ ಎಳೆಗಳು ಗ್ಲೂಕೋಸ್ ಮತ್ತು ಬೇರೆ ಸತ್ವಗಳನ್ನು ಹೀರಿಕೊಂಡು ರಕ್ತಕ್ಕೆ ದಾಟಿಸುತ್ತವೆ. ಈಗ ಊಟ ಮೈಗೆ ಸೇರಿತು!

ಹೀರಿಕೊಂಡು ಉಳಿದದ್ದು ದೊಡ್ಡಕರುಳಿಗೆ ಹೋಗುತ್ತದೆ. ಅಲ್ಲಿ ನೀರನ್ನು ಹೀರಿಕೊಂಡ ಮೇಲೆ ಉಳಿಯುವುದು ಮಲ. ಜೋಳದ ತವುಡು, ಸೊಪ್ಪಿನ ನಾರು ಜೀರ್ಣ ಆಗುವುದಿಲ್ಲ. ಆದರೆ ಅವು ಬೇಕು. ಅವು ಇದ್ದರೆ ಮಲ ಸಲೀಸಾಗಿ ಹೋಗುತ್ತದೆ. ಹಿಟ್ಟನ್ನು ತೀರ ನುಣ್ಣಗೆ ಜರಡಿ ಹಿಡಿದು ತವುಡು ಚೆಲ್ಲಬೇಡಿ.

ಮೈಯೊಳಗಿನ ಒಲೆ

ರಕ್ತಕ್ಕೆ ಸೇರಿದ ಗ್ಲೂಕೋಸ್ ಏನಾಗುತ್ತದೆ?

ನಮ್ಮ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳಿವೆ. ಅವನ್ನು ಜೀವಕೋಶ ಅಂತಾರೆ. ಪ್ರತಿ ಜೀವಕೋಶದಲ್ಲೂ ಒಂದು ಸಣ್ಣ ಒಲೆ ಉರಿಯುತ್ತಿದೆ ಅಂದುಕೊಳ್ಳಿ. ಅದಕ್ಕೆ ಜ್ವಾಲೆ ಇಲ್ಲ, ಹೊಗೆ ಇಲ್ಲ. ಆದರೆ ಕೆಲಸ ಒಲೆಯದೇ. ಗ್ಲೂಕೋಸ್ ಅದಕ್ಕೆ ಕಟ್ಟಿಗೆ. ಕಟ್ಟಿಗೆ ಉರಿದಾಗ ಶಕ್ತಿ ಬರುತ್ತದೆ. ಆ ಶಕ್ತಿಯಿಂದಲೇ ನಾವು ಬಗ್ಗುತ್ತೇವೆ, ಏಳುತ್ತೇವೆ, ಕೊಡ ಹೊರುತ್ತೇವೆ. ಮಲಗಿದಾಗಲೂ ಒಲೆ ಆರುವುದಿಲ್ಲ. ಎದೆ ಬಡಿಯಬೇಕು, ಉಸಿರಾಡಬೇಕು. ಮೈ ಬೆಚ್ಚಗೆ ಸುಮಾರು 37 ಡಿಗ್ರಿ ಇರುವುದು ಈ ಒಲೆಯಿಂದಲೇ.

ಜೋಳವನ್ನು ಸೇರಿನಲ್ಲಿ ಅಳೆಯುತ್ತೇವೆ. ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. 100 ಗ್ರಾಂ ಜೋಳದ ಹಿಟ್ಟಿನಿಂದ ಸುಮಾರು 330ರಿಂದ 350 ಕ್ಯಾಲೊರಿ ಸಿಗುತ್ತದೆ. ಹಾಗಾಗಿ ಜೋಳದ ರೊಟ್ಟಿ ಒಳ್ಳೆಯ ಕಟ್ಟಿಗೆ. ಅದರಲ್ಲಿ ಅನುಮಾನ ಇಲ್ಲ.

ಉಂಡ ಕೂಡಲೆ ಎಲ್ಲವೂ ಉರಿದುಹೋಗುವುದಿಲ್ಲ. ಒಂದಿಷ್ಟನ್ನು ಲಿವರ್ ಕೂಡಿಡುತ್ತದೆ. ನಾವು ಹಗೇವಿನಲ್ಲಿ ಕಾಳು ಕೂಡಿಟ್ಟು ಬೇಕಾದಾಗ ತೆಗೆಯುತ್ತಿದ್ದೆವಲ್ಲ, ಹಾಗೆ. ರಾತ್ರಿ ಉಪವಾಸ ಇದ್ದಾಗ ಅದು ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತದೆ. ಅದಕ್ಕಿಂತಲೂ ಹೆಚ್ಚಾದರೆ ಕೊಬ್ಬಾಗಿ ಮೈಯಲ್ಲಿ ಕೂರುತ್ತದೆ.

ಹೀಗೆ ಬಿಚ್ಚುವುದು, ಉರಿಸುವುದು, ಕೂಡಿಡುವುದು, ಹೊಸದಾಗಿ ಕಟ್ಟುವುದು - ಮೈಯೊಳಗಿನ ಈ ಎಲ್ಲ ಕೆಲಸಕ್ಕೂ ಸೇರಿ ಒಂದು ಹೆಸರಿದೆ. ಚಯಾಪಚಯ. ಪದ ದೊಡ್ಡದು. ಬಿಡಿಸಿ ಓದಿ: ಚ-ಯಾ-ಪ-ಚ-ಯ. ಮನೆಯ ಕೆಲಸದ ಹಾಗೆ ಇದಕ್ಕೂ ಬಿಡುವಿಲ್ಲ.

ಕಟ್ಟಿಗೆ ಇದೆ, ಗಾಳಿ ಇಲ್ಲ

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ. ಮೂರು ರೊಟ್ಟಿ ಉಂಡಿದ್ದಾರೆ. ಒಲೆಗೆ ಕಟ್ಟಿಗೆ ಇದೆ. ಆದರೂ ಕಣ್ಣಿಗೆ ಕತ್ತಲೆ ಯಾಕೆ?

ಒಲೆ ಹಚ್ಚುವವರು ನಾವು. ನಮಗೆ ಗೊತ್ತು. ಒಲೆಯ ತುಂಬ ಕಟ್ಟಿಗೆ ತುರುಕಿದರೆ ಉರಿ ಬರುತ್ತದೆಯೇ? ಇಲ್ಲ. ಹೊಗೆ ಬರುತ್ತದೆ. ಆಗ ಊದುಗೊಳವೆ ತಗೊಂಡು ಊದುತ್ತೇವೆ. ಗಾಳಿ ಹೋದ ಕೂಡಲೆ ಭಗ್ಗನೆ ಹತ್ತಿಕೊಳ್ಳುತ್ತದೆ. ಕಟ್ಟಿಗೆ ಉರಿಯಲು ಗಾಳಿಯಲ್ಲಿರುವ ಆಮ್ಲಜನಕ ಬೇಕೇ ಬೇಕು.

ಮೈಯೊಳಗಿನ ಒಲೆಗೂ ಅಷ್ಟೇ. ಎದೆಗೂಡಿನಲ್ಲಿ ಎರಡು ಶ್ವಾಸಕೋಶಗಳಿವೆ. ನಾವು ಎಳೆದುಕೊಂಡ ಉಸಿರು ಅಲ್ಲಿಗೆ ಬರುತ್ತದೆ. ಅಲ್ಲಿಂದ ಕೈಕಾಲು, ತಲೆಯವರೆಗೆ ಆಮ್ಲಜನಕವನ್ನು ಯಾರು ಹೊತ್ತು ಒಯ್ಯಬೇಕು? ರಕ್ತದ ಕೆಂಪು ಕಣಗಳು. ಆ ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತು ಇದೆ. ರಕ್ತ ಕೆಂಪಗೆ ಇರುವುದು ಅದರಿಂದಲೇ. ಆಮ್ಲಜನಕ ಹೊರುವುದೂ ಅದೇ. ಅದೇ ನಮ್ಮ ಊದುಗೊಳವೆ.

ಹಿಮೋಗ್ಲೋಬಿನ್ ಕಡಿಮೆ ಆದರೆ ರಕ್ತಹೀನತೆ. ಆಗ ಹೊಟ್ಟೆ ತುಂಬ ಉಂಡರೂ ಒಳಗಿನ ಒಲೆ ಸರಿಯಾಗಿ ಉರಿಯುವುದಿಲ್ಲ. ಸುಸ್ತು, ತಲೆಸುತ್ತು, ಏದುಸಿರು ಬರುತ್ತದೆ. ಇದ್ದಷ್ಟು ರಕ್ತವನ್ನೇ ಬೇಗ ಬೇಗ ಸುತ್ತಿಸಬೇಕೆಂದು ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೆಳರೆಪ್ಪೆ, ನಾಲಿಗೆ, ಉಗುರು ಬಿಳಿಚಿಕೊಳ್ಳುತ್ತವೆ.

ಇದು ಒಬ್ಬಿಬ್ಬರ ಕಾಯಿಲೆ ಅಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. 15ರಿಂದ 49 ವರ್ಷದ ಹೆಂಗಸರಲ್ಲಿ, ಕರ್ನಾಟಕದಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಇಡೀ ದೇಶದಲ್ಲಿ 100ಕ್ಕೆ 57. ಅಂದರೆ ಹತ್ತು ಹೆಂಗಸರು ಕಳೆ ತೆಗೆಯಲು ಸಾಲಾಗಿ ಕೂತರೆ, ಅವರಲ್ಲಿ ಐದು ಮಂದಿಯ ಒಲೆಗೆ ಗಾಳಿ ಸಾಲದು.

"ಹೆಂಗಸಂದ್ರ ಸುಸ್ತು ಇದ್ದದ್ದ" ಎಂದು ನಾವು ಸುಮ್ಮನಾಗುತ್ತೇವೆ. ಸುಸ್ತು ಹೆಂಗಸಿನ ಹಣೆಬರಹ ಅಲ್ಲ. ಬಹಳ ಸಲ ಅದು ರಕ್ತದ ಕೊರತೆ. ಆ ಕೊರತೆಯನ್ನು ತುಂಬಬಹುದು.

ರಕ್ತ ಯಾವುದರಿಂದ ಆಗುತ್ತದೆ?

ಹಿಮೋಗ್ಲೋಬಿನ್ ಕಟ್ಟಲು ಮುಖ್ಯವಾಗಿ ಎರಡು ಸಾಮಾನು ಬೇಕು. ಒಂದು ಕಬ್ಬಿಣಾಂಶ. ಇನ್ನೊಂದು ಪ್ರೋಟೀನ್. ಜೊತೆಗೆ ಫೋಲಿಕ್ ಆಮ್ಲ, ಬಿ12 ಎಂಬ ಜೀವಸತ್ವಗಳೂ ಬೇಕು. ಫೋಲಿಕ್ ಆಮ್ಲ ಹಸಿರು ಸೊಪ್ಪು, ಕಾಳುಗಳಲ್ಲಿ ಸಿಗುತ್ತದೆ. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ.

ಮೊದಲು ಪ್ರೋಟೀನ್ ನೋಡೋಣ. ಪ್ರೋಟೀನೂ ಒಂದು ಮಾಲೆಯೇ ಎಂದು ಹೇಳಿದೆವು. ಅದರ ಮೊಗ್ಗುಗಳ ಹೆಸರು ಅಮೈನೋ ಆಮ್ಲ. ಪಿಷ್ಟದ ಮಾಲೆಯಲ್ಲಿ ಒಂದೇ ಬಗೆಯ ಮೊಗ್ಗು. ಪ್ರೋಟೀನಿನ ಮಾಲೆಯಲ್ಲಿ ಹಾಗಲ್ಲ. ಮಲ್ಲಿಗೆ, ಕನಕಾಂಬರ, ಮರುಗ ಸೇರಿಸಿ ಕಟ್ಟಿದ ಹಾಗೆ 20 ಬಗೆ ಇವೆ. ಊಟದ ಪ್ರೋಟೀನನ್ನು ಮೈ ಬಿಚ್ಚುತ್ತದೆ. ಆ ಮೊಗ್ಗುಗಳಿಂದ ತನಗೆ ಬೇಕಾದ ಹೊಸ ಮಾಲೆ ಕಟ್ಟಿಕೊಳ್ಳುತ್ತದೆ. ರಕ್ತ, ಸ್ನಾಯು, ಕೂದಲು, ಬಸಿರಲ್ಲಿರುವ ಕೂಸಿನ ಮೈ - ಎಲ್ಲವನ್ನೂ ಕಟ್ಟುವುದು ಹೀಗೆಯೇ.

ಒಂದು ಬಗೆಯ ಮೊಗ್ಗು ಸಾಲದೆ ಬಂದರೆ? ಮಾಲೆ ಅರ್ಧಕ್ಕೆ ನಿಲ್ಲುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಮೊಗ್ಗು ಕಡಿಮೆ. ಬೇಳೆಕಾಳಿನಲ್ಲಿ ಅದು ಹೆಚ್ಚು. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಮೊಗ್ಗನ್ನು ಜೋಳ ಕೊಡುತ್ತದೆ. ಅದಕ್ಕೇ ರೊಟ್ಟಿಯ ಜೊತೆ ಹೆಸರುಕಾಳು, ಹುರುಳಿ, ಅಲಸಂದಿ, ತೊಗರಿಬೇಳೆ ಬೇಕು. ಎರಡೂ ಸೇರಿದರೆ ಮಾಲೆ ಪೂರ್ತಿ. ನಮ್ಮ ಹಿರಿಯರು ರೊಟ್ಟಿಗೆ ಕಾಳುಪಲ್ಯ ಜೋಡಿ ಮಾಡಿದ್ದು ಬಹಳ ಸರಿ.

ಬರೀ ರೊಟ್ಟಿ ಉಂಡವರ ಕಥೆ

ಜೋಡಿ ಬಿಟ್ಟು ಬರೀ ರೊಟ್ಟಿ ಉಂಡರೆ ಏನಾಗುತ್ತದೆ? ಇದಕ್ಕೆ ನಡೆದ ಒಂದು ಸಂಗತಿ ಇದೆ.

ಹೈದರಾಬಾದಿನ ಸುತ್ತಲ ಸೀಮೆಯಲ್ಲೂ ನಮ್ಮ ಹಾಗೆ ಜೋಳ ಉಣ್ಣುವ ಬಡವರಿದ್ದರು. ಅವರಲ್ಲಿ ಕೆಲವರಿಗೆ ಒಂದು ಕಾಯಿಲೆ ಬರುತ್ತಿತ್ತು. ಬಿಸಿಲು ಬೀಳುವ ಕಡೆ, ಅಂದರೆ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಒಡೆಯುತ್ತಿತ್ತು. ಭೇದಿ ಆಗುತ್ತಿತ್ತು. ಕೆಲವರ ಬುದ್ಧಿಯೂ ಕಲಕುತ್ತಿತ್ತು. ಈ ಕಾಯಿಲೆಯ ಹೆಸರು ಪೆಲಾಗ್ರ. ನಯಾಸಿನ್ ಎಂಬ ಜೀವಸತ್ವ ಮೈಗೆ ಸಾಲದಿದ್ದರೆ ಅದು ಬರುತ್ತದೆ.

ಹೈದರಾಬಾದಿನ ಪೋಷಣಾ ಸಂಶೋಧನಾಲಯದಲ್ಲಿ ಡಾಕ್ಟರ್ ಸಿ. ಗೋಪಾಲನ್ ಮತ್ತು ಅವರ ಜೊತೆಗಾರರು ಇದನ್ನು ಹುಡುಕುತ್ತಾ ಹೋದರು. ಆ ಸಂಸ್ಥೆಯೇ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 1960ರಲ್ಲಿ ಅವರು ತಮ್ಮ ವಿಚಾರವನ್ನು ಪ್ರಕಟಿಸಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚು ಇದೆ, ಅದು ನಯಾಸಿನ್ ಕೆಲಸಕ್ಕೆ ಅಡ್ಡ ಬರುತ್ತದೆ ಎಂದರು. ಆಮೇಲೆ ಬೇರೆ ವಿಜ್ಞಾನಿಗಳು ಇನ್ನೂ ಕೆಲವು ಕಾರಣ ಸೇರಿಸಿದರು. ಎಲ್ಲದರ ಪಾಠ ಒಂದೇ: ಜೋಳ ಕೆಟ್ಟದ್ದಲ್ಲ. ಜೋಳ ಒಂದನ್ನೇ ಉಣ್ಣುವುದು ಕೆಟ್ಟದ್ದು.

ನಯಾಸಿನ್ ಯಾವುದರಲ್ಲಿ ಹೇರಳವಾಗಿದೆ ಗೊತ್ತೇ? ನಮ್ಮ ಹೊಲದ ಶೇಂಗಾದಲ್ಲಿ! 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನೂ ಇದೆ. ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಕೊಳ್ಳುವುದು ಬರೀ ರುಚಿಗಲ್ಲ. ಅದು ಔಷಧಿಯೂ ಹೌದು.

ಆದರೆ ಬೆಳೆದ ಶೇಂಗಾ ಏನಾಗುತ್ತದೆ? ಚೀಲ ಹೊಲಿದು ಮಾರುಕಟ್ಟೆಗೆ ಕಳಿಸುತ್ತೇವೆ. ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲದಲ್ಲಿ ಈಗ ಮೆಕ್ಕೆಜೋಳ. ಅದೂ ಕೋಳಿಯ ಮೇವಿಗೆ ಹೋಗುತ್ತದೆ. ಮಾರಬೇಡಿ ಎಂದು ನಾವು ಹೇಳುವುದಿಲ್ಲ. ಸಾಲ ತೀರಬೇಕು, ಮಕ್ಕಳ ಫೀಸು ಕಟ್ಟಬೇಕು. ಆದರೆ ಚೀಲ ಹೊಲಿಯುವ ಮುಂಚೆ ಮನೆಯ ಮಂದಿಗೆಂದು ಒಂದು ಡಬ್ಬಿ ಶೇಂಗಾ ಎತ್ತಿಡಿ. ಹೊಲದ ಬದುವಿನಲ್ಲಿ ಒಂದು ಸಾಲು ಅಲಸಂದಿ, ಒಂದು ಸಾಲು ಪುಂಡಿ ಹಾಕಿ.

ಕೊನೆಗೆ ಉಣ್ಣುವವರ ತಟ್ಟೆ

ಆ ಸಂಜೆ ನಾವು ಇನ್ನೊಂದು ಪ್ರಶ್ನೆ ಕೇಳಿದೆವು. "ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಯಾರು ಯಾವಾಗ ಉಂಡರು?"

ಉತ್ತರ ಎಲ್ಲರದೂ ಒಂದೇ ತರ. ಮೊದಲು ಗಂಡಸರು. ಆಮೇಲೆ ಮಕ್ಕಳು. ಆಮೇಲೆ ಅತ್ತೆ. ಕೊನೆಗೆ ಸೊಸೆ.

"ನಿಮ್ಮ ಪಾಲಿಗೆ ಏನು ಉಳಿದಿತ್ತು?"

"ರೊಟ್ಟಿ ಇತ್ತು. ಕಾಳುಪಲ್ಯ ಖಾಲಿ ಆಗಿತ್ತು. ಖಾರ ಹಚ್ಕೊಂಡು ಉಂಡೆ."

ನೋಡಿದಿರಾ? ಅಡುಗೆ ಒಂದೇ. ಆದರೆ ಒಬ್ಬರ ತಟ್ಟೆಗೆ ಜೋಡಿ ಬಂತು. ಇನ್ನೊಬ್ಬರ ತಟ್ಟೆಗೆ ಬರೀ ರೊಟ್ಟಿ ಬಂತು. ಹೊಟ್ಟೆ ಇಬ್ಬರದೂ ತುಂಬಿತು. ರಕ್ತ ಕಟ್ಟುವ ಸಾಮಾನು ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ಕಬ್ಬಿಣಾಂಶ ಹೆಚ್ಚು ಬೇಕಾದದ್ದು ಯಾರಿಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟ ಲೆಕ್ಕದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ. ಹೆಂಗಸಿಗೆ 29 ಮಿಲಿಗ್ರಾಂ. ಯಾಕೆಂದರೆ ತಿಂಗಳು ತಿಂಗಳು ಮುಟ್ಟಿನಲ್ಲಿ ನಮ್ಮ ರಕ್ತ ಹೋಗುತ್ತದೆ. ಬಸುರಿದ್ದಾಗ ಕೂಸಿಗೆ ಕೊಡುತ್ತೇವೆ. ಹೆರಿಗೆಯಲ್ಲಿ ಇನ್ನಷ್ಟು ಹೋಗುತ್ತದೆ. ರಕ್ತ ಕಡಿಮೆ ಇದ್ದವರಿಗೆ ಹೆರಿಗೆಯಲ್ಲಿ ರಕ್ತ ಹೋದರೆ ಜೀವಕ್ಕೇ ಅಪಾಯ. ಹೆಚ್ಚು ಬೇಕಾದವರಿಗೆ ಕಡಿಮೆ ಸಿಗುತ್ತಿದೆ. ಇದನ್ನು ನಾವು ತಿದ್ದಬೇಕು.

ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ

ಹುರುಳಿ, ಅಲಸಂದಿ, ಕಡಲೆ, ಸಜ್ಜೆ, ಎಳ್ಳು, ರಾಜಗಿರಿ ಸೊಪ್ಪು, ನುಗ್ಗೆಸೊಪ್ಪು - ಇವುಗಳಲ್ಲಿ ಕಬ್ಬಿಣಾಂಶ ಇದೆ. ಆದರೆ ಕಾಳು-ಸೊಪ್ಪಿನ ಕಬ್ಬಿಣಾಂಶದಲ್ಲಿ ಕರುಳು ಹೀರಿಕೊಳ್ಳುವುದು ಸ್ವಲ್ಪ ಪಾಲು ಮಾತ್ರ. ಮಾಂಸ, ಮೀನಿನದು ಬೇಗ ಹತ್ತುತ್ತದೆ. ಹಾಗಾದರೆ ಕಾಳು-ಸೊಪ್ಪಿನದು ಚೆನ್ನಾಗಿ ಹತ್ತಲು ಏನು ಮಾಡಬೇಕು?

ಲಿಂಬೆ ಹಿಂಡಿ. ಲಿಂಬೆ, ನೆಲ್ಲಿಕಾಯಿ, ಪೇರಲದಲ್ಲಿ ಸಿ ಜೀವಸತ್ವ ಇದೆ. ಕರುಳು ಕಬ್ಬಿಣಾಂಶ ಹೀರಿಕೊಳ್ಳಲು ಅದು ಸಹಾಯ ಮಾಡುತ್ತದೆ. ಬಿಸಿಗೆ ಈ ಜೀವಸತ್ವ ಕೆಡುತ್ತದೆ. ಆದ್ದರಿಂದ ಪಲ್ಯ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ.

ಊಟದ ಜೊತೆ ಚಹಾ ಬೇಡ. ರೊಟ್ಟಿ ಚಹಾದಲ್ಲಿ ಅದ್ದಿಕೊಂಡು ತಿಂದು ಹೊಲಕ್ಕೆ ಓಡುವ ರೂಢಿ ನಮ್ಮಲ್ಲಿ ಬಹಳ. ಚಹಾದ ಒಗರು ಕಬ್ಬಿಣಾಂಶವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಚಹಾ ಬಿಡಬೇಕಾಗಿಲ್ಲ. ಉಂಡ ಒಂದು ತಾಸಿನ ಮೇಲೆ ಕುಡಿಯಿರಿ.

ಕಾಳು ನೆನೆಸಿ, ಮೊಳಕೆ ಬರಿಸಿ. ಕಾಳುಗಳಲ್ಲಿ ಕಬ್ಬಿಣಾಂಶಕ್ಕೆ ಅಡ್ಡ ಬರುವ ಇನ್ನೊಂದು ವಸ್ತು ಇದೆ. ಮೊಳಕೆ ಬಂದಾಗ ಅದು ಕಡಿಮೆ ಆಗುತ್ತದೆ. ಹುಳಿ ಬರಿಸಿದ ಅಂಬಲಿಯಲ್ಲೂ ಕಡಿಮೆ ಆಗುತ್ತದೆ.

ಕಬ್ಬಿಣದ ಬಾಣಲೆ ಅಟ್ಟದಿಂದ ಇಳಿಸಿ. ಪುಂಡಿಪಲ್ಯದಂಥ ಹುಳಿ ಅಡುಗೆಯನ್ನು ಅದರಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣ ಸ್ವಲ್ಪ ಸ್ವಲ್ಪ ಪಲ್ಯಕ್ಕೆ ಸೇರುತ್ತದೆ.

ಬರಿಗಾಲಲ್ಲಿ ಬಯಲಿಗೆ ಹೋಗಬೇಡಿ. ಮಲ ಬಿದ್ದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಅಂಗಾಲಿನ ಚರ್ಮ ತೂರಿ ಒಳಗೆ ಬರುತ್ತವೆ. ಕೊನೆಗೆ ಕರುಳು ಸೇರಿ ರಕ್ತ ಕುಡಿಯುತ್ತವೆ. ಹೊಟ್ಟೆಹುಳುವಿನ ಮಾತ್ರೆ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಬೀಟ್‌ರೂಟ್ ಕೆಂಪಗಿದೆ, ತಿಂದರೆ ರಕ್ತ ಆಗುತ್ತದೆ ಅಂತಾರೆ. ತಿನ್ನಿ, ತೊಂದರೆ ಇಲ್ಲ. ಆದರೆ ಬಣ್ಣ ನೋಡಿ ಮೋಸ ಹೋಗಬೇಡಿ. ಅದರಲ್ಲಿ ಕಬ್ಬಿಣಾಂಶ ಕಡಿಮೆ. ಒಂದು ಹಿಡಿ ಹುರುಳಿಕಾಳಿನಲ್ಲಿ ಅದಕ್ಕಿಂತ ಹೆಚ್ಚು ಇದೆ.

ಕೆಂಪು ಮಾತ್ರೆಯ ಬಗ್ಗೆ

ರಕ್ತ ಬಹಳ ಕಡಿಮೆ ಆದಾಗ ಊಟ ಒಂದೇ ಸಾಲದು. ಕಬ್ಬಿಣಾಂಶದ ಮಾತ್ರೆ ಬೇಕು. ಬಸುರಿಯರು ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180 ದಿನ ನುಂಗಬೇಕು. ಹೆರಿಗೆ ಆದ ಮೇಲೂ 180 ದಿನ. ರಕ್ತ ಕಡಿಮೆ ಇದ್ದವರು ಎಷ್ಟು ನುಂಗಬೇಕೆಂದು ಡಾಕ್ಟರು ಹೇಳುತ್ತಾರೆ. ಮಾತ್ರೆಗೆ ಹಣ ಕೊಡಬೇಕಾಗಿಲ್ಲ.

"ಮಾತ್ರಿ ನುಂಗಿದ್ರೆ ಕೂಸು ಕಪ್ಪಾಗ್ತೈತಂತೆ" ಎಂದು ಹಲವರು ಅದನ್ನು ಸೂರಿಗೆ ಸಿಕ್ಕಿಸಿ ಇಡುತ್ತಾರೆ. ಇದು ಸುಳ್ಳು. ಮಾತ್ರೆಯಿಂದ ಕಪ್ಪಾಗುವುದು ಮಲ ಮಾತ್ರ. ಮೈ ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶದ ಬಣ್ಣ ಅದು. ಹೆದರಬೇಡಿ. ಕೆಲವರಿಗೆ ಹೊಟ್ಟೆ ತೊಳಸಿದಂತೆ ಆಗುತ್ತದೆ. ಅಂಥವರು ರಾತ್ರಿ ಉಂಡ ಮೇಲೆ ನುಂಗಿ. ಹಾಲು, ಚಹಾದ ಜೊತೆ ಬೇಡ. ಲಿಂಬೆ ಪಾನಕದ ಜೊತೆ ಆದರೆ ಒಳ್ಳೆಯದು.

ಕೆಂಪು ಕಣದ ಆಯುಷ್ಯ ಸುಮಾರು 120 ದಿನ, ಅಂದರೆ ನಾಲ್ಕು ತಿಂಗಳು. ಹಳೆಯದು ಹೋಗುತ್ತಾ, ಹೊಸದು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತಾ ಇರುತ್ತದೆ. ಆದ್ದರಿಂದ ನಾಲ್ಕು ದಿನ ಮಾತ್ರೆ ನುಂಗಿ "ಏನೂ ಆಗಲಿಲ್ಲ" ಅನ್ನಬೇಡಿ. ಬೀಜ ಹಾಕಿದ ಮರುದಿನವೇ ತೆನೆ ಬರುವುದಿಲ್ಲ.

ತಲೆಸುತ್ತಿಗೆ ಬೇರೆ ಕಾರಣಗಳೂ ಇರುತ್ತವೆ. ಮುಟ್ಟಿನಲ್ಲಿ ಬಹಳ ರಕ್ತ ಹೋಗುತ್ತಿದ್ದರೆ ಮುಚ್ಚಿಡಬೇಡಿ. ಆಶಾ ಅಕ್ಕನಿಗೆ ಹೇಳಿ. ಡಾಕ್ಟರಿಗೆ ತೋರಿಸಿ.

ಚೀಟಿಯ ಮೇಲಿನ ಅಂಕಿ

ಪ್ರಶ್ನೆ ಕೇಳಿದ ಆ ಅಕ್ಕ ಮುಂದಿನ ವಾರ ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳ ತುದಿಯ ರಕ್ತ ಕೊಟ್ಟು ಬಂದರು. ಸಂಜೆ ಚೀಟಿ ತಂದರು. ನಾವು ಓದಿ ಹೇಳಲು ಕೈ ಚಾಚಿದೆವು. ಅವರು ಕೊಡಲಿಲ್ಲ. ತಾವೇ ದೀಪದ ಹತ್ತಿರ ಹಿಡಿದು ಬೆರಳಿಟ್ಟು ಓದಿದರು: "ಎಂಟು... ಚುಕ್ಕಿ... ಆರು."

ಹೆಂಗಸರಿಗೆ 12 ಇರಬೇಕು. ಬಸುರಿಯರಿಗೆ 11ಕ್ಕಿಂತ ಕಡಿಮೆ ಆಗಬಾರದು. ಅವರಿಗೆ 8.6 ಇತ್ತು.

ಅವರು ಮಾತ್ರೆ ನುಂಗಿದರು. ಚಹಾದ ಹೊತ್ತು ಬದಲಿಸಿದರು. ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ರಾತ್ರಿ ಅಡುಗೆ ಆದ ಮೇಲೆ ಕಾಳುಪಲ್ಯವನ್ನು ಎಲ್ಲರಿಗೂ ಸಮ ಪಾಲು ಮಾಡಿ, ತಮ್ಮ ಪಾಲನ್ನೂ ಒಂದು ಬಟ್ಟಲಿಗೆ ಹಾಕಿಟ್ಟರು. ಮೊದಲ ದಿನ ಅತ್ತೆ "ಏನವ್ವಾ ಇದು ಹೊಸಾದು?" ಅಂದರಂತೆ. ಅಕ್ಕ ಚೀಟಿ ತೋರಿಸಿದರು. "ಅತ್ತಿ, ನನ್ನ ರಕ್ತ ಎಂಟೂವರಿ ಐತಿ. ಹನ್ನೆರಡು ಇರಬೇಕಂತ" ಅಂದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಂದೂ ನೋಡ್ತಾರೇನು?"

ನಾಲ್ಕು ತಿಂಗಳ ಮೇಲೆ ಅಕ್ಕನ ಚೀಟಿಯಲ್ಲಿ 11.2 ಬಂತು. ಇನ್ನೂ 12 ಆಗಿಲ್ಲ. ಆದರೆ ಕಳೆ ತೆಗೆದು ಎದ್ದರೆ ಕಣ್ಣಿಗೆ ಕತ್ತಲೆ ಬರುವುದಿಲ್ಲ.

ಅಕ್ಕಂದಿರೇ, ನಾವು ಅಕ್ಷರ ಕಲಿಯುತ್ತಿರುವುದು ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ. ನಮ್ಮ ಮೈಯ ಲೆಕ್ಕವನ್ನು ನಾವೇ ಓದಿಕೊಳ್ಳಲು ಕೂಡ. ನಿಮ್ಮ ಅಂಕಿ ಎಷ್ಟು? ನಾಳೆಯೇ ಹೋಗಿ ಕೇಳಿ. ಇಲ್ಲಿ ಬರೆದಿಡಿ:

ನನ್ನ ರಕ್ತದ ಅಂಕಿ: ............ ದಿನಾಂಕ: ............

ನೆನಪಿಡಿ

- ರೊಟ್ಟಿ ಕಟ್ಟಿಗೆ. ರಕ್ತ ಊದುಗೊಳವೆ. ಒಲೆ ಉರಿಯಲು ಎರಡೂ ಬೇಕು.
- ರೊಟ್ಟಿಯ ಜೊತೆ ಕಾಳು, ಸೊಪ್ಪು, ಶೇಂಗಾ ಇರಲಿ. ಮೇಲೆ ಲಿಂಬೆ ಹಿಂಡಿ.
- ಚಹಾ ಉಂಡ ಒಂದು ತಾಸಿನ ಮೇಲೆ.
- ಎಲ್ಲರೂ ಕೂಡಿ ಕೂತು ಉಣ್ಣಿ. ಆಗದಿದ್ದರೆ ನಿಮ್ಮ ಪಾಲು ಮೊದಲೇ ಎತ್ತಿಡಿ.

ಯೋಚಿಸಿ, ಉತ್ತರ ಬರೆಯಿರಿ

1. ರೊಟ್ಟಿಯನ್ನು ಬಹಳ ಹೊತ್ತು ಅಗಿದರೆ ಯಾಕೆ ಸಿಹಿ ಆಗುತ್ತದೆ?
2. ಹೊಟ್ಟೆ ತುಂಬ ಉಂಡರೂ ಸುಸ್ತು ಯಾಕೆ ಆಗಬಹುದು?
3. ನಿನ್ನೆ ರಾತ್ರಿ ನಿಮ್ಮ ತಟ್ಟೆಯಲ್ಲಿ ಏನೇನು ಇತ್ತು? ನಿಮ್ಮ ಮನೆಯ ಗಂಡಸರ ತಟ್ಟೆಯಲ್ಲಿ ಏನೇನು ಇತ್ತು?